ಬೇಡವೆಂಬ ಮಾತಿನ ಬೆಲೆ: ದಾಂಪತ್ಯ, ಕೊಳ್ಳುವಿಕೆ ಮತ್ತು ಕೆಲವು ಕನ್ನಡ ಕಥನಗಳು

೧

ಗಂಡ ಹೆಂಡಿರು ಕೂಡಿ ಬಾಳುವ ಮನೆಯೊಳಕ್ಕೆ ಯಾವ ವಸ್ತು ಬರಬೇಕು, ಎಷ್ಟು ಬರಬೇಕು, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಯನ್ನು ಸಮಾಜಶಾಸ್ತ್ರಜ್ಞರೂ ಮಾರುಕಟ್ಟೆಯ ಅಧ್ಯಯನಕಾರರೂ ಆರೇಳು ದಶಕಗಳಿಂದ ಕೇಳುತ್ತ ಬಂದಿದ್ದಾರೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಈ ಪ್ರಶ್ನೆ ನಮ್ಮದಲ್ಲವೆಂದು ಬದಿಗಿರಿಸಿದ್ದೇವೆ. ಅಡುಗೆಮನೆಯ ಅಕ್ಕಿ, ಹೆಂಡತಿಯ ಮೂಗುತಿ, ನಡುಮನೆಯ ಕುರ್ಚಿ ಮೊದಲಾದವು ವಿಮರ್ಶೆಯ ಗಾಂಭೀರ್ಯಕ್ಕೆ ತಕ್ಕ ವಿಷಯಗಳಲ್ಲವೆಂಬ ಭಾವನೆ ನಮ್ಮ ವಿದ್ವತ್‌ವಲಯದಲ್ಲಿ ಇನ್ನೂ ಹೋಗಿಲ್ಲ. ಆದರೆ ಕನ್ನಡದ ಕೆಲವು ಮುಖ್ಯ ಕಥನಗಳು ಹುಟ್ಟಿರುವುದೇ ಇಂತಹ ವಸ್ತುಗಳ ಸುತ್ತ. ಪ್ರಸ್ತುತ ಲೇಖನದಲ್ಲಿ ಹನ್ನೆರಡನೆಯ ಶತಮಾನದ ಶರಣ ದಂಪತಿಗಳ ಕಥನ, ಪುರಂದರದಾಸರ ಪೂರ್ವಜೀವನದ ಐತಿಹ್ಯ ಹಾಗೂ ವಿವೇಕ ಶಾನಭಾಗರ ‘ಘಾಚರ್ ಘೋಚರ್’, ಈ ಮೂರನ್ನು ಮುಖ್ಯವಾಗಿ ಎದುರಿಗಿಟ್ಟುಕೊಂಡು, ದಂಪತಿಗಳ ಕೊಳ್ಳುವ ನಿರ್ಣಯದಲ್ಲಿ ಸಂಸ್ಕೃತಿಗೆ ಎಷ್ಟು ಪಾಲು, ವ್ಯಕ್ತಿಸ್ವಭಾವಕ್ಕೆ ಎಷ್ಟು ಪಾಲು ಎಂಬುದನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

ಸಮಾಜಶಾಸ್ತ್ರದವರು ಹೇಳಿರುವುದನ್ನು ಮೊದಲು ಸಂಕ್ಷೇಪವಾಗಿ ನೋಡೋಣ. ೧೯೬೦ರಲ್ಲಿ ರಾಬರ್ಟ್ ಬ್ಲಡ್ ಮತ್ತು ಡೊನಾಲ್ಡ್ ವುಲ್ಫ್ ಎಂಬ ವಿದ್ವಾಂಸರು ಅಮೆರಿಕದ ಡೆಟ್ರಾಯಿಟ್ ಪ್ರದೇಶದ ಸಂಸಾರಗಳನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದರು. ಯಾವ ಕಾರು ಕೊಳ್ಳಬೇಕು, ಯಾವ ಮನೆ ಹಿಡಿಯಬೇಕು, ಜೀವವಿಮೆ ಮಾಡಿಸಬೇಕೆ, ವಾರದ ಆಹಾರಕ್ಕೆ ಎಷ್ಟು ಖರ್ಚು ಮಾಡಬೇಕು ಮುಂತಾದ ಎಂಟು ನಿರ್ಣಯಗಳಲ್ಲಿ ಕೊನೆಯ ಮಾತು ಯಾರದು ಎಂದು ಅವರು ಕೇಳಿದ್ದರು. ಸಂಪಾದನೆ, ವಿದ್ಯೆ, ಸ್ಥಾನಮಾನಗಳನ್ನು ಹೆಚ್ಚಾಗಿ ತರುವವರ ಮಾತು ಮನೆಯಲ್ಲಿ ಹೆಚ್ಚು ನಡೆಯುತ್ತದೆ ಎಂಬುದು ಅವರ ತೀರ್ಮಾನದ ತಿರುಳು. ಅವರು ಪ್ರಶ್ನೆ ಕೇಳಿದ್ದು ಹೆಂಡಂದಿರನ್ನು ಮಾತ್ರ ಎಂಬುದನ್ನು ೧೯೬೯ರಲ್ಲಿ ಕಾನ್‌ಸ್ಟಂಟೀನಾ ಸಫಿಲಿಯೋಸ್-ರಾಥ್‌ಚೈಲ್ಡ್ ಎತ್ತಿ ತೋರಿಸಿದರು. ಒಂದೇ ಮನೆಯ ಇಬ್ಬರನ್ನು ಬೇರೆಬೇರೆಯಾಗಿ ಕೇಳಿದರೆ ಎರಡು ಮನೆಗಳ ವೃತ್ತಾಂತ ದೊರೆಯುವುದು ಅಸಂಭವವೇನೂ ಅಲ್ಲ. ಮುಂದೆ ೧೯೭೪ರಲ್ಲಿ ಹ್ಯಾರಿ ಡೇವಿಸ್ ಮತ್ತು ಬೆನ್ನಿ ರಿಗೋ ಎಂಬವರು ಬೆಲ್ಜಿಯಮ್ಮಿನ ದಂಪತಿಗಳನ್ನು ಅಭ್ಯಸಿಸಿ, ಕೊಳ್ಳುವ ಕ್ರಿಯೆಯನ್ನು ಮೂರು ಹಂತಗಳಾಗಿ ವಿಂಗಡಿಸಿದರು: ಬೇಕೆಂಬ ಅರಿವು, ವಿಚಾರಣೆ, ಕೊನೆಯ ನಿರ್ಣಯ. ನಿರ್ಣಯಗಳು ಗಂಡನ ಪ್ರಾಬಲ್ಯದವು, ಹೆಂಡತಿಯ ಪ್ರಾಬಲ್ಯದವು, ಇಬ್ಬರೂ ಕೂಡಿ ಮಾಡುವಂಥವು, ಇಬ್ಬರಲ್ಲಿ ಯಾರಾದರೊಬ್ಬರು ತಾವಾಗಿಯೇ ಮಾಡುವಂಥವು ಎಂದು ನಾಲ್ಕು ಬಗೆ ಮಾಡಿದರು. ಇಂದಿಗೂ ವಾಣಿಜ್ಯ ವಿದ್ಯಾರ್ಥಿಗಳ ಪಠ್ಯಗಳಲ್ಲಿ ಇರುವುದು ಈ ವಿಂಗಡಣೆಯೇ.

ಈ ಅಧ್ಯಯನಗಳ ಶಿಸ್ತನ್ನು ನಾವು ಗೌರವಿಸುತ್ತೇವೆ. ಆದರೆ ಇವುಗಳಲ್ಲಿ ಒಂದು ಕೊರತೆಯಿದೆ. ಇಲ್ಲಿ ಲೆಕ್ಕಕ್ಕೆ ಸಿಗುವುದು ಮನೆಯೊಳಕ್ಕೆ ಬಂದ ವಸ್ತು. ಬರಬಾರದೆಂದು ತಡೆದ ವಸ್ತುವಿಗೆ, ಬಂದ ಮೇಲೆ ಹಿಂದಕ್ಕೆ ಹೋದ ವಸ್ತುವಿಗೆ ಈ ಕೋಷ್ಟಕಗಳಲ್ಲಿ ಸ್ಥಳವಿಲ್ಲ. ಬೇಡವೆಂದವರ ಅಧಿಕಾರವನ್ನು ಅಳೆಯುವ ಅಳತೆಗೋಲು ಇಲ್ಲಿ ಕಾಣದು. ನಮ್ಮ ಕಥನಗಳು ಈ ಬೇಡವೆಂಬ ಮಾತಿನಲ್ಲಿಯೇ ದಾಂಪತ್ಯದ ನಿಜವಾದ ಪರೀಕ್ಷೆಯನ್ನು ಇಟ್ಟಿವೆ ಎಂಬುದು ನಮ್ಮ ಅಭಿಪ್ರಾಯ.

೨

ಸಂಸ್ಕೃತಿಯ ಮಾತು ಬಂದಾಗ, ಭಾರತೀಯ ಗೃಹಿಣಿ ಗಂಡನ ಇಚ್ಛೆಗೆ ತಲೆಬಾಗುವವಳು, ಆದ್ದರಿಂದ ನಿರ್ಣಯ ಗಂಡನದೇ ಎಂಬ ಸಿದ್ಧವಾಕ್ಯವೊಂದು ಕೇಳಿಬರುತ್ತದೆ. ಶಾಸ್ತ್ರಗ್ರಂಥಗಳನ್ನು ತೆರೆದು ನೋಡಿದವರು ಇದನ್ನು ಇಷ್ಟು ಸಲೀಸಾಗಿ ಹೇಳಲಾರರು. ಸ್ತ್ರೀಗೆ ಸ್ವಾತಂತ್ರ್ಯ ಸಲ್ಲದೆನ್ನುವ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವೇ ಹಣದ ಸಂಗ್ರಹ ಮತ್ತು ವ್ಯಯಗಳಲ್ಲಿ ಹೆಂಡತಿಯನ್ನು ನಿಯೋಜಿಸಬೇಕೆಂದೂ ಹೇಳುತ್ತದೆ. ವಾತ್ಸ್ಯಾಯನನ ಕಾಮಸೂತ್ರದ ನಾಲ್ಕನೆಯ ಅಧಿಕರಣ ಇನ್ನೂ ವಿವರಗಳಿಗೆ ಇಳಿಯುತ್ತದೆ. ಪಾತ್ರೆಪದಾರ್ಥಗಳನ್ನು ಬೆಲೆ ಇಳಿದ ಕಾಲದಲ್ಲಿ ಕೊಂಡಿಡುವುದು, ಉಪ್ಪು ಎಣ್ಣೆಗಳನ್ನು ಸಂಗ್ರಹಿಸಿಡುವುದು, ವರ್ಷದ ಆದಾಯವನ್ನು ಎಣಿಸಿ ಅದಕ್ಕೆ ತಕ್ಕಂತೆ ವೆಚ್ಚ ಮಾಡುವುದು ಎಲ್ಲವೂ ಅಲ್ಲಿ ಹೆಂಡತಿಯ ಕೆಲಸ. ಗಂಡ ಮಿತಿಮೀರಿ ಅಥವಾ ಸಲ್ಲದ ರೀತಿಯಲ್ಲಿ ಖರ್ಚು ಮಾಡಿದರೆ ಅವಳು ತಿಳಿಹೇಳಬೇಕು, ಆದರೆ ಏಕಾಂತದಲ್ಲಿ.

ಈ ಏಕಾಂತವೆಂಬ ಷರತ್ತನ್ನು ಗಮನಿಸಬೇಕು. ಸಫಿಲಿಯೋಸ್-ರಾಥ್‌ಚೈಲ್ಡ್ ಅವರೇ ಮುಂದೆ ೧೯೭೬ರಲ್ಲಿ ಮಾಡಿದ ಭೇದವೊಂದು ಇಲ್ಲಿ ನೆರವಿಗೆ ಬರುತ್ತದೆ. ಯಾವ ನಿರ್ಣಯವನ್ನು ಯಾರು ಮಾಡಬೇಕೆಂದು ಗೊತ್ತುಪಡಿಸುವ ಸೂತ್ರಧಾರನ ಅಧಿಕಾರ ಬೇರೆ, ಗೊತ್ತುಪಡಿಸಿದ್ದನ್ನು ದಿನದಿನವೂ ನಡೆಸಿಕೊಂಡು ಹೋಗುವ ನಿರ್ವಹಣೆಯ ಅಧಿಕಾರ ಬೇರೆ. ಶಾಸ್ತ್ರಕಾರರು ಹೆಂಡತಿಗೆ ಕೊಟ್ಟದ್ದು ಎರಡನೆಯದು. ಬೀಗದ ಕೈ ಅವಳದು, ಭಂಡಾರ ಅವನದು. ಬೇಡವೆನ್ನಲು ಅವಳಿಗೆ ಅವಕಾಶವುಂಟು, ಆದರೆ ಆ ಮಾತು ನಾಲ್ಕು ಗೋಡೆಗಳ ಹೊರಗೆ ಕೇಳಿಸಬಾರದು.

ಇಲ್ಲಿ ಧರ್ಮಶಾಸ್ತ್ರದ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ವ್ಯಾಖ್ಯಾನ ರಚಿತವಾದದ್ದು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಕಾಲದಲ್ಲಿ. ಮದುವೆಯಲ್ಲಿ ಬಂದ, ತವರಿನವರು ಪ್ರೀತಿಯಿಂದ ಕೊಟ್ಟ ವಸ್ತುಗಳಷ್ಟೇ ಸ್ತ್ರೀಧನವೆಂಬ ಸಂಕುಚಿತ ಅರ್ಥವನ್ನು ವಿಜ್ಞಾನೇಶ್ವರನು ಒಪ್ಪಲಿಲ್ಲ. ಮೂಲದಲ್ಲಿರುವ ‘ಆದ್ಯ’ ಎಂಬ ಪದವನ್ನು ಹಿಡಿದು, ದಾಯದಿಂದ, ಕ್ರಯದಿಂದ, ವಿಭಾಗದಿಂದ ಬಂದುದೆಲ್ಲವೂ ಸ್ತ್ರೀಧನವೇ ಎಂದು ಅವನು ವಿಸ್ತರಿಸಿದನು. ಕ್ರಯವೆಂದರೆ ಕೊಳ್ಳುವುದು. ಹೆಂಗಸು ಕೊಂಡದ್ದು ಹೆಂಗಸಿನದೇ ಎಂಬ ಈ ಮಾತನ್ನು ಪಂಡಿತನೊಬ್ಬ ಬರೆದಿಟ್ಟ ನಗರದಲ್ಲಿಯೇ, ನೂರು ವರ್ಷ ತುಂಬುವುದರೊಳಗೆ, ಹೆಂಗಸೊಬ್ಬಳು ಗಂಡ ತಂದುದನ್ನು ಹಿಂದಕ್ಕೆ ಕಳುಹಿಸಿದಳು ಎಂಬ ಕಥೆ ನಡೆಯುತ್ತದೆ. ಎರಡಕ್ಕೂ ನೇರ ಸಂಬಂಧವಿದೆಯೆಂದು ನಾವು ಹೇಳುತ್ತಿಲ್ಲ. ಆದರೆ ಕಲ್ಯಾಣವೆಂದರೆ ಅನುಭವಮಂಟಪ ಮಾತ್ರವೆಂದು ತಿಳಿದಿರುವ ಓದುಗರಿಗೆ ಈ ನೆರೆಹೊರೆ ಗೊತ್ತಿರುವುದು ಒಳ್ಳೆಯದು.

೩

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣಕ್ಕೆ ಬಂದ ಮೇಲೆ, ಶರಣರ ಮನೆಗಳ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆಯ್ದು ತಂದುದರಿಂದ ದಾಸೋಹ ನಡೆಸುವುದು ಲಕ್ಕಮ್ಮನ ಕೆಲಸ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಅದನ್ನು ನೋಡಿದೊಡನೆಯೇ ಪ್ರಶ್ನಿಸಿದಳು. ಇಷ್ಟೊಂದು ಆಸೆ ಅರಸುಗಳಿಗೆ ತಕ್ಕುದು, ಭಕ್ತರಿಗೆ ಸಲ್ಲದು, ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಗೇ ಸುರಿದು ಬಾ ಎಂಬ ಅರ್ಥದ ಅವಳ ವಚನಗಳು ಕನ್ನಡಿಗರಿಗೆಲ್ಲ ಪರಿಚಿತ. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಅಲ್ಲಮನೊಡನೆ ಮಾತಿನಲ್ಲಿ ಮೈಮರೆತ ಗಂಡನಿಗೆ ಕಾಯಕದ ಹೊತ್ತು ಮೀರುತ್ತಿರುವುದನ್ನು ನೆನಪಿಸುವವಳೂ ಅವಳೇ.

ಈ ಪ್ರಸಂಗವನ್ನು ನಮ್ಮ ವಿಮರ್ಶೆ ಕಾಯಕತತ್ತ್ವದ ದೃಷ್ಟಾಂತವಾಗಿ, ಅಪರಿಗ್ರಹದ ಆದರ್ಶವಾಗಿ ಸಾವಿರ ಬಾರಿ ಉದಾಹರಿಸಿದೆ. ಹಾಗೆ ಮಾಡುವಾಗ ಅದನ್ನು ಅಡುಗೆಮನೆಯಿಂದ ಹೊರಗೆ ತಂದು ಮಂಟಪದಲ್ಲಿ ಕೂರಿಸಿದ್ದೇವೆ. ಅದು ಗಂಡಹೆಂಡಿರ ನಡುವೆ, ಒಂದು ಮೊರದ ಮುಂದೆ, ಎಷ್ಟು ಸಾಕು ಎಂಬುದರ ಬಗ್ಗೆ ನಡೆದ ವಾಗ್ವಾದ ಎಂಬುದನ್ನು ಮರೆತಿದ್ದೇವೆ. ಇಲ್ಲಿ ಹಣವಿಲ್ಲ, ಅಂಗಡಿಯಿಲ್ಲ, ಆದ್ದರಿಂದ ಇದು ಕೊಳ್ಳುವ ನಿರ್ಣಯವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಹಳಗನ್ನಡದ ‘ಕೊಳ್’ ಧಾತುವಿಗೆ ಬೆಲೆ ತೆತ್ತು ಪಡೆಯುವುದು ಎಂಬುದಕ್ಕಿಂತ ಮೊದಲು ತೆಗೆದುಕೊಳ್ಳುವುದು, ತನ್ನದಾಗಿಸಿಕೊಳ್ಳುವುದು ಎಂಬ ಅರ್ಥವಿದೆ. ಮಾಡಿಕೊಳ್ಳು, ಇಟ್ಟುಕೊಳ್ಳು ಎಂದು ಪ್ರತಿಯೊಂದು ಕ್ರಿಯೆಯನ್ನೂ ನಮ್ಮ ಕಡೆಗೆ ತಿರುಗಿಸುವ ಸಹಾಯಕ ಧಾತುವೂ ಅದೇ. ಮದುವೆಯ ಸಂಬಂಧಕ್ಕೂ ಕೊಡುಕೊಳೆ ಎಂದೇ ಹೆಸರು. ಮನೆಯೊಳಕ್ಕೆ ಏನನ್ನು, ಎಷ್ಟನ್ನು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಹಣ ಚಲಾವಣೆಗೆ ಬರುವುದಕ್ಕಿಂತ ಹಿಂದಿನದು.

ಬ್ಲಡ್ ಮತ್ತು ವುಲ್ಫರ ವಾದವನ್ನು ಇಲ್ಲಿ ಅನ್ವಯಿಸಿದರೆ ಏನಾಗುತ್ತದೆ? ಅಕ್ಕಿ ತರುವವನು ಮಾರಯ್ಯ. ಸಂಪಾದನೆ ಅವನದು, ಅಲ್ಲಮನೊಡನೆ ಕುಳಿತು ಮಾತನಾಡುವ ಸ್ಥಾನಮಾನವೂ ಅವನದು. ಲೆಕ್ಕದ ಪ್ರಕಾರ ಕೊನೆಯ ಮಾತು ಅವನದಾಗಬೇಕಿತ್ತು. ಆದರೆ ಅವನು ಅಕ್ಕಿಯನ್ನು ಹೊತ್ತು ಹಿಂದಿರುಗಿದನು. ಇಷ್ಟೇ ಅಲ್ಲ, ಮುಂದೆ ಅರಿವಿನ ಮಾತನ್ನು ಹೇಳೆಂದು ಅವಳನ್ನೇ ಕೇಳಿಕೊಂಡನು. ವಾತ್ಸ್ಯಾಯನನ ಏಕಾಂತದ ಷರತ್ತೂ ಇಲ್ಲಿ ಮುರಿದಿದೆ. ಗಂಡನನ್ನು ತಡೆದ ಮಾತು ಅವಳ ಅಂಕಿತದೊಂದಿಗೆ ವಚನವಾಗಿ ಸಮುದಾಯದ ಮುಂದೆ ಬಂದಿದೆ. ಆ ಅಂಕಿತದ ಸ್ವಾರಸ್ಯವನ್ನೂ ನೋಡಬೇಕು: ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಮಾರಯ್ಯನನ್ನು ತರಾಟೆಗೆ ತೆಗೆದುಕೊಳ್ಳುವ ವಚನವೂ ಮಾರಯ್ಯನ ಹೆಸರಿನಲ್ಲಿಯೇ ಮುಗಿಯುತ್ತದೆ. ಗಂಡನನ್ನು ನಿರಾಕರಿಸದೆ ಗಂಡ ತಂದುದನ್ನು ನಿರಾಕರಿಸುವ ಈ ವಿನ್ಯಾಸ ಅಪೂರ್ವವಾದುದು.

ಲಕ್ಕಮ್ಮ ಸ್ವಭಾವತಃ ನಿಷ್ಠುರಿ, ಮಾರಯ್ಯ ಸ್ವಭಾವತಃ ಮೃದು, ಆದ್ದರಿಂದ ಹೀಗಾಯಿತು ಎಂದು ಹೇಳಿಬಿಡುವುದು ಸುಲಭ. ಸ್ವಭಾವದ ಪಾಲು ಇದ್ದೇ ಇದೆ. ಅದನ್ನು ಅಳೆಯಲು ಇದೇ ಶರಣ ಸಮುದಾಯದ ಇನ್ನೊಂದು ಮನೆಯನ್ನು ನೋಡಬಹುದು. ಮೋಳಿಗೆ ಮಾರಯ್ಯ ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದು ಕಟ್ಟಿಗೆ ಮಾರಿ ಬದುಕಿದವನೆಂದು ಐತಿಹ್ಯ. ಅವನಿಲ್ಲದ ಹೊತ್ತಿನಲ್ಲಿ ಮನೆಗೆ ಬಂದ ಬಸವಣ್ಣನಿಗೆ ಮಹಾದೇವಿ ಅಂಬಲಿ ನೀಡಿದಳು. ಆ ಮನೆಯ ಬಡತನಕ್ಕೆ ಮರುಗಿದ ಬಸವಣ್ಣ ಗುಟ್ಟಾಗಿ ಹೊನ್ನನ್ನು ಇಟ್ಟುಹೋದನು. ತಿರುಗಿ ಬಂದ ಮಾರಯ್ಯ ಅದನ್ನು ಇಟ್ಟುಕೊಳ್ಳದೆ ಜಂಗಮರಿಗೆ ಕೊಟ್ಟುಬಿಟ್ಟನು. ಇಲ್ಲಿ ಬೇಡವೆಂದವನು ಗಂಡ. ಅವನ ಸಿಟ್ಟು, ಬಿಗುಮಾನಗಳಲ್ಲಿ ಹಳೆಯ ಅರಸುತನದ ನೆರಳೂ ಇದ್ದಂತೆ ನಮಗೆ ತೋರುತ್ತದೆ. ಒಂದು ಮನೆಯಲ್ಲಿ ಹೆಂಡತಿ, ಇನ್ನೊಂದರಲ್ಲಿ ಗಂಡ. ಬಾಯಿ ಬೇರೆಯಾದರೂ ಬೇಡವೆಂಬ ಮಾತು ಒಂದೇ, ಅದು ನಡೆದದ್ದೂ ಒಂದೇ ರೀತಿ. ಯಾರು ನುಡಿಯುತ್ತಾರೆ ಎಂಬುದನ್ನು ಸ್ವಭಾವ ತೀರ್ಮಾನಿಸಿರಬಹುದು. ನುಡಿದ ಮಾತು ಸಲ್ಲುತ್ತದೆಯೇ ಎಂಬುದನ್ನು ತೀರ್ಮಾನಿಸಿದ್ದು ಆ ಸಮುದಾಯ. ಸಾಕೆನ್ನುವುದನ್ನು ಮೌಲ್ಯವೆಂದು ಒಪ್ಪಿದ ಜನ ಸುತ್ತಲೂ ಇದ್ದುದರಿಂದ ಲಕ್ಕಮ್ಮನ ಮಾತಿಗೆ ಮಾರಯ್ಯನ ಸಂಪಾದನೆಗಿಂತ ಹೆಚ್ಚಿನ ಬೆಲೆ ಬಂತು.

ಇದಕ್ಕೆ ಹತ್ತಿರವಾದ ಮಾತನ್ನು ಸಮಾಜಶಾಸ್ತ್ರದವರಲ್ಲಿ ಹೈಮನ್ ರಾಡ್‌ಮನ್ ೧೯೬೭ರಲ್ಲಿ ಹೇಳಿದ್ದುಂಟು. ಅಮೆರಿಕ, ಫ್ರಾನ್ಸುಗಳಲ್ಲಿ ವಿದ್ಯೆ ಮತ್ತು ವರಮಾನ ಹೆಚ್ಚಿದಂತೆ ಗಂಡನ ಅಧಿಕಾರ ಹೆಚ್ಚುವುದನ್ನು ಕಂಡ ಅವರು, ಗ್ರೀಸ್ ಮತ್ತು ಅಂದಿನ ಯುಗೊಸ್ಲಾವಿಯಗಳಲ್ಲಿ ಇದಕ್ಕೆ ವಿರುದ್ಧವಾದುದನ್ನು ಕಂಡರು. ಅಲ್ಲಿ ಹೆಚ್ಚು ಓದಿದ ಗಂಡಂದಿರೇ ಸಮಾನತೆಯ ಹೊಸ ಮೌಲ್ಯಕ್ಕೆ ಮೊದಲು ಒಲಿದವರು. ಆದ್ದರಿಂದ ಸಂಪಾದನೆಗೆ ತನ್ನಷ್ಟಕ್ಕೆ ಬಲವಿಲ್ಲ, ಅದಕ್ಕೆ ಎಷ್ಟು ಬಲ ಸಲ್ಲಬೇಕೆಂಬುದನ್ನು ಸುತ್ತಲಿನ ಸಂಸ್ಕೃತಿ ಗೊತ್ತುಮಾಡುತ್ತದೆ ಎಂಬ ನಿಲುವಿಗೆ ಅವರು ಬಂದರು. ರಾಡ್‌ಮನ್ನರು ಸಂಪಾದನೆಯ ಬಗ್ಗೆ ಹೇಳಿದ್ದನ್ನು ನಾವು ನಿರಾಕರಣೆಯ ಬಗ್ಗೆಯೂ ಹೇಳಬಹುದೆಂದು ತಿಳಿಯುತ್ತೇವೆ.

೪

ಸಮುದಾಯದ ಈ ಬೆಂಬಲವಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಪುರಂದರದಾಸರ ಐತಿಹ್ಯ ಸಾಕ್ಷಿ. ಇದರ ಚಾರಿತ್ರಿಕತೆಯ ಚರ್ಚೆಗೆ ನಾವು ಇಲ್ಲಿ ಹೋಗುವುದಿಲ್ಲ. ದಾಸರ ಹುಟ್ಟೂರು ಪುಣೆಯ ಬಳಿಯ ಪುರಂದರಗಡವೋ ಮಲೆನಾಡಿನ ಊರೋ ಎಂಬ ವಿವಾದವೂ ಸದ್ಯಕ್ಕೆ ಅಪ್ರಸ್ತುತ. ಜನಮನ ಈ ಕಥೆಯನ್ನು ಹೀಗೆಯೇ ಏಕೆ ಉಳಿಸಿಕೊಂಡಿತು ಎಂಬುದಷ್ಟೇ ನಮಗೆ ಮುಖ್ಯ. ಶ್ರೀನಿವಾಸ ನಾಯಕ ಕೈಬಿಗಿಯಾದ ವ್ಯಾಪಾರಿ. ಹೆಂಡತಿ ಸರಸ್ವತಿ ಕೊಡುಗೈಯವಳು. ಮಗನ ಉಪನಯನಕ್ಕೆಂದು ಬೇಡಿಬಂದ ಬ್ರಾಹ್ಮಣನನ್ನು ನಾಯಕ ದಿನದಿನವೂ ಅಲೆದಾಡಿಸುತ್ತಾನೆ. ಆತ ಮನೆಗೆ ಬಂದು ಸರಸ್ವತಿಯನ್ನು ಕೇಳಿದಾಗ, ಕೊಡಲು ತನ್ನದೆಂಬುದು ಏನೂ ಇಲ್ಲವೆಂದು ಅವಳು ಹೇಳುತ್ತಾಳೆ. ತವರಿನವರು ಕೊಟ್ಟ ಮೂಗುತಿ ಇದೆಯಲ್ಲ ಎಂದು ನೆನಪಿಸುವವನು ಆ ಬ್ರಾಹ್ಮಣನೇ. ಅವಳು ಬಿಚ್ಚಿಕೊಟ್ಟ ಮೂಗುತಿ ನೇರವಾಗಿ ನಾಯಕನ ಅಂಗಡಿಗೇ ಮಾರಾಟಕ್ಕೆ ಬರುತ್ತದೆ.

ಕಥೆಯ ನಾಟಕೀಯತೆ ಇರುವುದು ಇಲ್ಲಿ. ಧರ್ಮಶಾಸ್ತ್ರದ ಪ್ರಕಾರ ಆ ಮೂಗುತಿ ಸ್ತ್ರೀಧನ. ಅದನ್ನು ಕೊಡಲು ಅವಳು ಗಂಡನ ಅನುಮತಿ ಕೇಳಬೇಕಾದ ಅಗತ್ಯವಿರಲಿಲ್ಲ. ಆದರೂ ನಾಯಕ ಮನೆಗೆ ಓಡಿಬಂದು ಮೂಗುತಿ ಎಲ್ಲಿ ಎಂದಾಗ ಅವಳ ಬಾಯಲ್ಲಿ ಹಕ್ಕಿನ ಮಾತು ಬರುವುದಿಲ್ಲ. ಒಳಗೆ ಹೋಗಿ ವಿಷದ ಬಟ್ಟಲನ್ನು ಎತ್ತಿಕೊಳ್ಳುತ್ತಾಳೆ. ದೈವವು ಬಟ್ಟಲಿನಲ್ಲಿ ಮೂಗುತಿಯನ್ನು ಇಡದೆ ಹೋಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಈ ಪ್ರಸಂಗವನ್ನು ಭಕ್ತಿಯ ಮಹಿಮೆಯಾಗಿ, ವೈರಾಗ್ಯೋದಯದ ನಿಮಿತ್ತವಾಗಿ ಓದುವುದು ರೂಢಿ. ದಾಸರೇ ಹೆಂಡತಿಯನ್ನು ಉಪಕಾರಿಯೆಂದು ನೆನೆದರೆಂಬ ಪ್ರತೀತಿಯೂ ಉಂಟು. ಆದರೆ ಮೂಗುತಿಯಷ್ಟು ವಸ್ತುವಿನ ವಿಲೇವಾರಿಗೆ ಹೆಂಗಸೊಬ್ಬಳು ಪ್ರಾಣವನ್ನು ಪಣವಾಗಿ ಒಡ್ಡಬೇಕಾಯಿತು ಎಂಬುದನ್ನು ಜನಪದ ಸ್ಮೃತಿ ಮರೆಮಾಚಿಲ್ಲ, ಮರೆಮಾಚಿದವರು ವ್ಯಾಖ್ಯಾನಕಾರರಾದ ನಾವು. ಗ್ರಂಥದ ಹಕ್ಕು ಅವಳಿಗಿತ್ತು. ಆ ಹಕ್ಕನ್ನು ಗಟ್ಟಿಯಾಗಿ ನುಡಿದರೆ ಕೇಳಿಸಿಕೊಳ್ಳುವ ಕಿವಿ ಆ ವರ್ತಕರ ಓಣಿಯಲ್ಲಿ ಇರಲಿಲ್ಲ.

೫

ಮುಂದಕ್ಕೆ ಹೋಗುವ ಮೊದಲು ಒಂದು ಎಚ್ಚರಿಕೆ. ಇಲ್ಲಿಯವರೆಗೆ ದಂಪತಿ ಎಂಬ ಇಬ್ಬರನ್ನೇ ನಿರ್ಣಯದ ಘಟಕವೆಂದು ಭಾವಿಸಿ ಮಾತನಾಡಿದೆವು. ಇದು ಕೂಡ ಎಲ್ಲೆಡೆ ಸಲ್ಲುವ ಗ್ರಹಿಕೆಯಲ್ಲ. ಮುಂಬಯಿ ಕನ್ನಡಿಗರಲ್ಲಿ ಬಹುಸಂಖ್ಯೆಯವರು ಬಂದಿರುವ ಕರಾವಳಿಯನ್ನೇ ನೋಡಬಹುದು. ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಗಂಡನ ಕುಟುಂಬ ಬೇರೆ, ಹೆಂಡತಿಯ ಕುಟುಂಬ ಬೇರೆ. ಭೂಮಿಕಾಣಿಯ ವಿಷಯದಲ್ಲಿ ಹೆಂಗಸಿನೊಡನೆ ಕೂತು ವಿಚಾರ ಮಾಡುವವನು ಗಂಡನಲ್ಲ, ಸೋದರ ಅಥವಾ ಸೋದರಮಾವ. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆ, ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ಬಳಿಕ ಈ ವ್ಯವಸ್ಥೆ ಸಡಿಲವಾಯಿತು. ಅಳಿಯಸಂತಾನದ ಹೊರಗಿನ ಮನೆಗಳಲ್ಲಿಯೂ ಇಬ್ಬರೇ ಇದ್ದರೆನ್ನುವಂತಿಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ರಾಮ ಐತಾಳರ ಮನೆಯ ಆಗುಹೋಗುಗಳಲ್ಲಿ ಮಾತಿನ ಬಲವಿರುವುದು ಹೆಂಡತಿ ಪಾರೋತಿಗಿಂತ ವಿಧವೆ ಸೋದರಿ ಸರಸೋತಿಗೆ. ಗಂಡಹೆಂಡಿರಿಬ್ಬರಿಗೆ ಮಾತ್ರ ಪ್ರಶ್ನಾವಳಿ ಕೊಡುವ ಅಧ್ಯಯನಕಾರನಿಗೆ ಸರಸೋತಿ ಸಿಗುವುದೇ ಇಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಶೀತಕಪಾಟಿನ ಬಣ್ಣವನ್ನು ಅತ್ತೆ ತೀರ್ಮಾನಿಸುತ್ತಾರೆ, ಫ್ಲ್ಯಾಟಿನ ದಿಕ್ಕನ್ನು ಭಾವಮೈದುನ ತೀರ್ಮಾನಿಸುತ್ತಾನೆ.

೬

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ೨೦೧೩ರಲ್ಲಿ ಪ್ರಕಟವಾದ ನೀಳ್ಗತೆ. ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದದ ಮೂಲಕ ಕನ್ನಡದಾಚೆಯೂ ಹೆಸರಾಗಿದೆ. ಹಣ ಮನುಷ್ಯರನ್ನು ಕೆಡಿಸುವ ಕಥೆಯೆಂದು ಇದನ್ನು ಹಲವರು ಸಂಗ್ರಹಿಸಿ ಹೇಳಿದ್ದಾರೆ. ಆ ಓದು ತಪ್ಪೇನಲ್ಲ, ಆದರೆ ತೆಳುವಾದುದು. ಬೆಂಗಳೂರಿನ ಈ ಸಂಸಾರದಲ್ಲಿ ಬದಲಾದದ್ದು ವರಮಾನ ಮಾತ್ರವಲ್ಲ, ಕೊಳ್ಳುವ ನಿರ್ಣಯದ ವಿಧಾನವೇ ಬದಲಾಯಿತು.

ಹಳೆಯ ಇಕ್ಕಟ್ಟಿನ ಮನೆಯಲ್ಲಿ ಅಪ್ಪ ಚಹಾಪುಡಿ ಮಾರಾಟದ ಪ್ರತಿನಿಧಿ. ಸಂಜೆಯಾದರೆ ಲೆಕ್ಕ ಬರೆಯುವುದು ಮನೆಯ ನಿತ್ಯವಿಧಿ. ಒಂದು ರಾತ್ರಿ ಲೆಕ್ಕ ತಾಳೆಯಾಗದೆ ಹೋದಾಗ ಮನೆಮಂದಿಯೆಲ್ಲ ಕಂಗಾಲಾಗಿ ಕೂರುವ ಪ್ರಸಂಗವನ್ನು ಓದಿದವರು ಮರೆಯಲಾರರು. ಅಂಥ ಮನೆಯಲ್ಲಿ ಯಾರೇ ಏನನ್ನು ಕೊಂಡರೂ ಉಳಿದವರೆಲ್ಲರಿಗೂ ಗೊತ್ತು. ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಕಡಿಮೆಯಾಗುತ್ತದೆಂಬ ಅರಿವು ಪ್ರತಿಯೊಬ್ಬರಲ್ಲಿಯೂ ಇದೆ. ಬಡತನವೇ ಅಲ್ಲಿ ಎಲ್ಲರನ್ನೂ ನಿರ್ಣಯದೊಳಗೆ ಕೂರಿಸಿದೆ. ಅಪ್ಪನಿಗೆ ನಿವೃತ್ತಿಯಿಂದ ಬಂದ ಹಣವನ್ನು ಬಂಡವಾಳವಾಗಿ ಹೂಡಿ ಚಿಕ್ಕಪ್ಪ ಆರಂಭಿಸಿದ ಸೋನಾ ಮಸಾಲಾ ವ್ಯವಹಾರ ಕೈಹಿಡಿದ ಮೇಲೆ ಹೊಸ ಮನೆ ಬರುತ್ತದೆ, ಬೇಕೋ ಬೇಡವೋ ಎಂಬ ವಿಚಾರವಿಲ್ಲದೆ ಪೀಠೋಪಕರಣಗಳು ಬಂದು ತುಂಬುತ್ತವೆ. ಈಗ ಒಬ್ಬರು ಕೊಂಡದ್ದು ಇನ್ನೊಬ್ಬರಿಗೆ ತಿಳಿಯಬೇಕಾಗಿಲ್ಲ. ಯಾರೂ ಯಾರಿಗೂ ಬೇಡವೆನ್ನುವುದಿಲ್ಲ. ಡೇವಿಸ್ ಮತ್ತು ರಿಗೋ ಇದನ್ನು ಸ್ವತಂತ್ರ ನಿರ್ಣಯವೆಂದು ವರ್ಗೀಕರಿಸುತ್ತಿದ್ದರೇನೋ. ನಮಗೆ ಇದು ನಿರ್ಣಯದ ಅಭಾವವಾಗಿ ಕಾಣುತ್ತದೆ. ಸ್ವತಂತ್ರವಾಗಿರುವುದು ಸಂಪಾದಿಸುವ ಚಿಕ್ಕಪ್ಪನೊಬ್ಬನೇ. ಉಳಿದವರು ಅವನ ಸೌಖ್ಯವನ್ನು ಕಾಯುವವರು. ಹೊಸ ಮನೆಯಲ್ಲಿ ಅಪ್ಪನ ಹಳೆಯ ಮಿತವ್ಯಯಕ್ಕೂ ಬೆಲೆಯಿಲ್ಲ. ಅಪ್ಪನ ಬಗ್ಗೆ ಮನೆಯವರಿಗಿರುವ ಕಾಳಜಿ ಅವನ ಪಾಲಿನ ಆಸ್ತಿ ಎತ್ತ ಹೋದೀತೋ ಎಂಬ ಭಯವಾಗಿ ಮಾರ್ಪಟ್ಟಿದೆ.

ಇಂತಹ ಮನೆಗೆ ಸೊಸೆಯಾಗಿ ಬಂದವಳು ಹೈದರಾಬಾದಿನ ಅನಿತಾ. ಗಂಡ ಸೋನಾ ಮಸಾಲಾದ ನಿರ್ದೇಶಕನೆಂಬುದು ಹೆಸರಿಗೆ ಮಾತ್ರ, ಅವನಿಗೆ ಅಲ್ಲಿ ಮಾಡುವ ಕೆಲಸವೇನೂ ಇಲ್ಲ, ತಿಂಗಳಿಗೆ ಬರುವ ಹಣ ಚಿಕ್ಕಪ್ಪನ ಕೃಪೆ ಎಂಬುದು ಅವಳಿಗೆ ಅರಿವಾಗುವುದು ಮದುವೆಯ ಬಳಿಕ. ನಮ್ಮ ದೃಷ್ಟಿಯಲ್ಲಿ ಇಡೀ ಕೃತಿಯ ಬಿಗಿತ ನಿಂತಿರುವುದು ಈ ಸಂದರ್ಭದ ಮೇಲೆ. ದುಡಿಯದೆ ಬಂದ ಹಣದಿಂದ ಗಂಡ ತನಗೆ ಏನನ್ನು ತಂದುಕೊಟ್ಟರೂ ಅದು ಅವನು ಕೊಟ್ಟದ್ದಾಗುವುದಿಲ್ಲ ಎಂಬ ಅರಿವು ಅವಳದು. ಇದು ಲಕ್ಕಮ್ಮನ ನಿಲುವಿಗೆ ಎಷ್ಟು ಹತ್ತಿರವಾದುದು ಎಂಬುದನ್ನು ವಿವರಿಸಬೇಕಾಗಿಲ್ಲ. ಕಾಯಕವೆಂಬ ಪದ ಕಥೆಯಲ್ಲಿ ಬರುವುದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ಇಬ್ಬರು ಹೆಂಗಸರ ಸ್ವಭಾವದಲ್ಲಿಯೂ ಅದೇ ನಿಷ್ಠುರತೆ, ಅದೇ ನೇರನುಡಿ. ಚಿಕ್ಕಪ್ಪನನ್ನು ಅರಸಿಕೊಂಡು ಬಂದ ಹೆಂಗಸನ್ನು ಅತ್ತೆ ನಾದಿನಿಯರು ಬಾಗಿಲಿನಿಂದ ಬೈದಟ್ಟಿದಾಗ ಅನಿತಾ ಮನೆಯವರ ವಿರುದ್ಧ ನಿಂತು ಮಾತನಾಡುತ್ತಾಳೆ.

ಆದರೆ ಫಲ? ಲಕ್ಕಮ್ಮನ ಮಾತಿಗೆ ಮಾರಯ್ಯ ಎದ್ದು ಹೊರಟನು. ಅನಿತಾಳ ಮಾತಿಗೆ ಅವಳ ಗಂಡ ಕಾಫಿಹೌಸಿಗೆ ಹೋಗಿ ಕುಳಿತುಕೊಳ್ಳುತ್ತಾನೆ. ಮಾರಯ್ಯನಿಗೆ ಹಿಂದಿರುಗಲು ಒಂದು ಅಂಗಳವಿತ್ತು, ಅಕ್ಕಿಯನ್ನು ಎಲ್ಲಿ ಸುರಿ ಎಂದಳೋ ಆ ಸ್ಥಳ ಅವನಿಗೆ ಗೊತ್ತಿತ್ತು. ಈ ಯುವಕನಿಗೆ ತನ್ನದೆಂಬ ಕೆಲಸವಿಲ್ಲ, ಆದ್ದರಿಂದ ಹಿಂದಿರುಗಿಸಲು ತನ್ನದೆಂಬ ವಸ್ತುವೂ ಇಲ್ಲ. ಲಕ್ಕಮ್ಮನ ಹಿಂದೆ ಸಾಕೆನ್ನುವುದನ್ನು ಮನ್ನಿಸುವ ಜನವಿತ್ತು. ಅನಿತಾಳ ಹಿಂದೆ ಯಾರಿದ್ದಾರೆ? ಹೊಸ ಸಂಪತ್ತಿನ ಈ ಮನೆಯಲ್ಲಿ ಬೇಡವೆನ್ನುವವಳು ಮನೆಯ ಶತ್ರು. ಕಥೆಯ ಕೊನೆಯಲ್ಲಿ ಅನಿತಾ ಹೈದರಾಬಾದಿಗೆ ಹೋಗಿದ್ದಾಳೆ. ಹಿಂದಿರುಗಬೇಕಾದವಳ ಸುದ್ದಿಯಿಲ್ಲ. ಮನೆಯಲ್ಲಿ ಚಹಾ ಕುಡಿಯುತ್ತ ಆಡಿದ ಕೊಲೆಗಳ ಕುರಿತ ಹರಟೆ ಗಂಡನ ಮನಸ್ಸಿನಲ್ಲಿ ಸುಳಿಯುತ್ತದೆ, ಒಡೆದ ಲೋಟದಿಂದ ಅವನ ಕೈಗೆ ರಕ್ತ ಹತ್ತುತ್ತದೆ. ಲೇಖಕರು ಏನನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಪುರಂದರರ ಐತಿಹ್ಯದಲ್ಲಿ ಬಟ್ಟಲಿನೊಳಗೆ ಮೂಗುತಿಯನ್ನು ಇಟ್ಟ ಕೈ ಈ ಕಥೆಯಲ್ಲಿ ಕಾಣುವುದಿಲ್ಲ.

ಕೃತಿಯ ಬಗ್ಗೆ ನಮಗೆ ಒಂದು ತಕರಾರೂ ಇದೆ. ಕಥನವೆಲ್ಲ ಗಂಡನ ಬಾಯಲ್ಲಿ ನಡೆಯುವುದರಿಂದ ಅನಿತಾಳ ಒಳಗು ನಮಗೆ ದೊರೆಯುವುದು ಅರ್ಧ ಮಾತ್ರ. ಅವಳ ನಿರಾಕರಣೆಯ ಹಿಂದೆ ಇರುವುದು ತತ್ತ್ವವೋ, ತವರಿನ ರೂಢಿಯೋ, ಮೋಸಹೋದ ಸಿಟ್ಟೋ ಎಂಬುದು ತೆರೆದುಕೊಳ್ಳುವುದಿಲ್ಲ. ಬ್ಲಡ್ ಮತ್ತು ವುಲ್ಫರು ಹೆಂಡಂದಿರನ್ನು ಮಾತ್ರ ಕೇಳಿದ್ದರೆ, ಶಾನಭಾಗರು ಗಂಡನನ್ನು ಮಾತ್ರ ಕೇಳಿದ್ದಾರೆ. ಈ ಮೌನ ಲೇಖಕರು ಬಯಸಿಯೇ ಇಟ್ಟದ್ದೆಂದು ಸಮರ್ಥಿಸಬಹುದು, ಆ ಸಮರ್ಥನೆಯನ್ನು ನಾವು ಬಲ್ಲೆವು. ಆದರೂ ಎಂಟುನೂರು ವರ್ಷಗಳ ಹಿಂದಿನ ಹೆಂಗಸೊಬ್ಬಳ ಬೇಡವೆಂಬ ಮಾತು ಅವಳದೇ ಅಂಕಿತದಲ್ಲಿ ನಮಗೆ ಉಳಿದು ಬಂದಿರುವಾಗ, ಈ ಕಾಲದ ಹೆಂಗಸಿನ ಬೇಡವೆಂಬ ಮಾತು ಗಂಡನ ಹೇಳಿಕೆಯಲ್ಲಿ ಮಾತ್ರ ಸಿಗುತ್ತಿರುವುದನ್ನು ವಿಮರ್ಶೆ ಗುರುತಿಸದೆ ಬಿಡಬಾರದು.

೭

ಇಬ್ಬರೂ ಕೂಡಿ ಬೇಡವೆನ್ನುವುದಕ್ಕೆ ನಮ್ಮ ಸಾಹಿತ್ಯದಲ್ಲಿ ಉದಾಹರಣೆಯಿಲ್ಲವೇ? ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಲ್ಲಿ ಒಂದು ನೆನಪಾಗುತ್ತದೆ. ತೇಜಸ್ವಿನಿ ನಿರಂಜನ ಅವರು ೨೦೧೭ರಲ್ಲಿ ಇಂಗ್ಲಿಷಿಗೆ ತಂದ ಸಂಕಲನಕ್ಕೆ ಹೆಸರು ಕೊಟ್ಟ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂಬ ಕಥೆಯದು. ಬಂಧುಬಳಗವೆಂದು ಹೇಳಿಕೊಳ್ಳಲು ಯಾರೂ ಇಲ್ಲದ ಪೋಪಟ ಮತ್ತು ಅವನನ್ನು ಮದುವೆಯಾಗಲಿರುವ ಅಸಾವರಿ ಲೋಖಂಡೆ ತಮ್ಮ ಮದುವೆಯ ಆಮಂತ್ರಣಪತ್ರಿಕೆಯ ಒಕ್ಕಣೆಯನ್ನು ಯೋಚಿಸುತ್ತಾರೆ. ಉಡುಗೊರೆ ಬೇಡವೆಂಬ ಮಾತು ಉಳ್ಳವರ ಪತ್ರಿಕೆಗಳಿಂದ ಬಂದುದು. ಕೊಡುವವರು ಬೇಕಾದಷ್ಟು ಇರುವವರಿಗೆ ಅದು ಶೋಭೆ. ತಂದುಕೊಡುವವರೇ ಹೆಚ್ಚಿಲ್ಲದ ಈ ಇಬ್ಬರಿಗೆ ಆ ಸಾಲು ಏನನ್ನು ಉಳಿಸಿಕೊಡುತ್ತದೆ, ಏನನ್ನು ಕಳೆಯುತ್ತದೆ? ಅವರು ಕೂಡಿ ಮಾಡುವ ಮೊದಲ ಖರ್ಚು ಪತ್ರಿಕೆ ಅಚ್ಚು ಹಾಕಿಸುವುದು, ಆ ಖರ್ಚಿನ ಒಳಗೇ ಒಂದು ನಿರಾಕರಣೆಯ ಪ್ರಶ್ನೆ ಕುಳಿತಿದೆ. ಲಕ್ಕಮ್ಮನ ಬೇಡಕ್ಕೂ ಈ ಬೇಡಕ್ಕೂ ಇರುವ ಅಂತರವನ್ನು, ಮುಂಬಯಿಯ ಚಾಳುಗಳಲ್ಲಿ ಹೊಸ ಸಂಸಾರ ಹೂಡಿದ ಕನ್ನಡಿಗರ ಕಥನಗಳೊಂದಿಗೆ ಇಟ್ಟು, ಬೇರೊಂದು ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.